ಅಂಗಳದ ಜೇಡಿಮಣ್ಣು ನಾರುತ್ತಿದ್ದರೆ: ಯಾವ ವಾಸನೆಗೆ ಏನು ಕಾರಣ, ಮೊದಲು ಏನು ನೋಡಬೇಕು

ಮಳೆ ನಿಂತು ಎರಡು ದಿನ ಆಗಿರುತ್ತದೆ. ಬಿಸಿಲೂ ಬಂದಿರುತ್ತದೆ. ಆದರೂ ಬಾಗಿಲು ತೆಗೆದ ಕೂಡಲೇ ಗಬ್ಬು ನಾತ ಮೂಗಿಗೆ ರಪ್ಪಂತ ಬಡಿಯುತ್ತದೆ, ಅಂಗಳಕ್ಕೆ ಕಾಲಿಟ್ಟರೆ ಚಪ್ಪಲಿ ಪಚಕ್ ಅಂತ ಒಳಗೆ ಹೋಗುತ್ತದೆ. ಜೇಡಿಮಣ್ಣಿನ ಅಂಗಳ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ವಾಸನೆಯ ಮೇಲೆ ಏನಾದರೂ ಸುರಿಯುವುದು. ಸುಣ್ಣ, ಬ್ಲೀಚಿಂಗ್ ಪುಡಿ, ಫಿನಾಯಿಲ್, ಮರಳು. ನಾನೂ ಸುರಿದಿದ್ದೇನೆ. ಎರಡು ದಿನ ತಡೆಯುತ್ತದೆ, ಮತ್ತೆ ಶುರು.

ಯಾಕೆ ಅಂದರೆ ನಾತ ಬರುತ್ತಿರುವುದು ಗಾಳಿ ಇಲ್ಲದ ಜಾಗದಿಂದ. ಜೇಡಿಯ ಕಣ 0.002 ಮಿಲಿಮೀಟರ್‌ಗಿಂತ ಸಣ್ಣದು, ಕಣಗಳ ನಡುವಿನ ಸಂದೂ ಅಷ್ಟೇ ಸಣ್ಣದು, ಅದರಲ್ಲಿ ನೀರು ಕೂತುಬಿಟ್ಟರೆ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಮಣ್ಣೊಳಗೆ ಇದ್ದಷ್ಟನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಸೇರಿ ಒಂದೆರಡು ದಿನದಲ್ಲಿ ಮುಗಿಸುತ್ತವೆ. ಆಮೇಲೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳ ಕಾಲ. ಅವು ಎಲೆ, ಹುಲ್ಲು, ಸತ್ತ ಬೇರುಗಳನ್ನು ಕೊಳೆಸುವ ರೀತಿಯೇ ಬೇರೆ, ಆಗ ಹುಟ್ಟುವ ಅನಿಲಗಳು ನಮ್ಮ ಮೂಗಿಗೆ ಬರುತ್ತವೆ. ಹಾಗಾಗಿ ನೀರು ಎಲ್ಲಿಂದ ಬರುತ್ತಿದೆ, ಯಾಕೆ ಹೋಗುತ್ತಿಲ್ಲ ಅಂತ ಹುಡುಕಬೇಕು. ಅದನ್ನು ಹುಡುಕುವುದಕ್ಕೆ ವಾಸನೆಯೇ ದಾರಿ ತೋರಿಸುತ್ತದೆ.

ಗುದ್ದಲಿ ಹಿಡಿಯುವ ಮೊದಲು: ಗ್ಯಾಸ್ ಮತ್ತು ಪೆಟ್ರೋಲ್ ವಾಸನೆ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಅದಕ್ಕೆ ಮರ್ಕ್ಯಾಪ್ಟನ್ ಅನ್ನುವ ಗಂಧಕದ ವಸ್ತು ಬೆರೆಸಿರುತ್ತಾರೆ. ಕೊಳೆತ ಎಲೆಕೋಸು, ಕೊಳೆತ ಮೊಟ್ಟೆ ಎರಡನ್ನೂ ಹೋಲುವ ವಾಸನೆ ಅದು. ಜೌಗು ಮಣ್ಣಿನ ವಾಸನೆ ಅಂತ ತಪ್ಪು ತಿಳಿಯುವುದು ಸುಲಭ. ಮಳೆಯೇ ಇಲ್ಲದೆ ಇದ್ದಕ್ಕಿದ್ದಂತೆ ಘಾಟಾದ ವಾಸನೆ ಶುರುವಾಗಿದ್ದರೆ, ಅದೂ ಗ್ಯಾಸ್ ಪೈಪ್ ಅಥವಾ ಸಿಲಿಂಡರ್ ಹತ್ತಿರ ಜಾಸ್ತಿ ಇದ್ದರೆ, ಸ್ವಿಚ್ ಮುಟ್ಟಬೇಡಿ, ಬೆಂಕಿ ಕಡ್ಡಿ ಗೀರಬೇಡಿ, ಅಲ್ಲೇ ನಿಂತು ಫೋನ್ ಮಾಡಬೇಡಿ. ಎಲ್ಲರನ್ನೂ ಕರೆದುಕೊಂಡು ದೂರ ಹೋಗಿ, ಅಲ್ಲಿಂದ ತುರ್ತು ಸಂಖ್ಯೆಗೆ ಕರೆ ಮಾಡಿ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ತಗ್ಗು ಜಾಗದಲ್ಲಿ, ಗುಂಡಿಯಲ್ಲಿ ಕೂತಿರುತ್ತದೆ.

ಪೆಟ್ರೋಲ್, ಡೀಸೆಲ್, ಥಿನ್ನರ್ ತರಹದ ವಾಸನೆ ಬಂದರೂ ಅಗೆಯಬೇಡಿ. ಹಳೆಯ ತೊಟ್ಟಿ ಅಥವಾ ಪೈಪ್ ಸೋರುತ್ತಿರಬಹುದು. ಅದು ಅಗ್ನಿಶಾಮಕದವರಿಗೆ, ಮಾಲಿನ್ಯ ನೋಡಿಕೊಳ್ಳುವವರಿಗೆ ತಿಳಿಸಬೇಕಾದ ವಿಷಯ.

ಬಿಟ್ಟಿ ಪರೀಕ್ಷೆ: ಎಲ್ಲಿ, ಯಾವಾಗ, ಎಷ್ಟು ಆಳದಿಂದ

ಬೆಳಗಿನ ಜಾವ ಗಾಳಿ ಅಲುಗಾಡದ ಹೊತ್ತಿಗೆ ಅಂಗಳ ಸುತ್ತಿ. ಆಗ ವಾಸನೆ ಹುಟ್ಟಿದ ಜಾಗದ ಹತ್ತಿರವೇ ನಿಂತಿರುತ್ತದೆ. ಜೋರಾಗಿರುವ ಕಡೆ ಒಂದೊಂದು ಕಡ್ಡಿ ನೆಡಿ. ನಮ್ಮ ಮೂಗು ಐದು ನಿಮಿಷದಲ್ಲಿ ವಾಸನೆಗೆ ಒಗ್ಗಿಹೋಗುತ್ತದೆ, ಹಾಗಾಗಿ ಹೊರಗಿನಿಂದ ಬಂದವರನ್ನು ಒಮ್ಮೆ ಸುತ್ತಾಡಿಸಿ ಕೇಳುವುದು ಒಳ್ಳೆಯದು.

ಒಂದು ವಾರ ಚೀಟಿಯಲ್ಲಿ ಬರೆದಿಡಿ. ಮಳೆ ಬಂತಾ? ಬಟ್ಟೆ ಒಗೆದ ದಿನ ಜಾಸ್ತಿಯಾಯಿತಾ? ಒಣ ದಿನದಲ್ಲೂ ಇತ್ತಾ? ಇಷ್ಟರಲ್ಲೇ ಅರ್ಧ ಉತ್ತರ ಸಿಗುತ್ತದೆ. ಮಳೆ ಆದ ಮೇಲೆ ಮಾತ್ರ ಬಂದರೆ ನೀರು ಇಂಗುತ್ತಿಲ್ಲ ಅಂತ ಅರ್ಥ. ಮಳೆ ಇಲ್ಲದೆ ಒಂದೇ ಜಾಗ ಒದ್ದೆಯಾಗಿ ನಾರುತ್ತಿದ್ದರೆ ಎಲ್ಲೋ ಸೋರುತ್ತಿದೆ. ನೆಲ ಒಣಗಿದ್ದರೂ ನಾರುತ್ತಿದ್ದರೆ ಮೇಲೆ ಬಿದ್ದಿರುವ ವಸ್ತುವನ್ನು ನೋಡಬೇಕು.

ಆಮೇಲೆ ಕಡ್ಡಿ ನೆಟ್ಟ ಕಡೆ ಒಂದು ಗುದ್ದಲಿ ಆಳ, ಅಂದರೆ 20–30 ಸೆಂಟಿಮೀಟರ್ ತೆಗೆಯಿರಿ. ಕೆಳಗೆ ವಿದ್ಯುತ್ ಕೇಬಲ್, ಗ್ಯಾಸ್, ನೀರಿನ ಪೈಪ್ ಎಲ್ಲಿ ಹೋಗಿದೆ ಅಂತ ತಿಳಿದುಕೊಂಡೇ ಅಗೆಯಿರಿ. ರಬ್ಬರ್ ಬೂಟು, ಕೈಗವಸು ಹಾಕಿ. ಇಲಿ ಓಡಾಡುವ ನಿಂತ ನೀರಿನಿಂದ ಇಲಿಜ್ವರ ಬರಬಹುದು, ಕಾಲಲ್ಲಿ ಗಾಯ ಇದ್ದರಂತೂ ಇಳಿಯಲೇಬೇಡಿ. ಟೆಟನಸ್ ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಅಂತಲೂ ಒಮ್ಮೆ ನೆನಪು ಮಾಡಿಕೊಳ್ಳಿ.

ಕೊಳೆತ ಮೊಟ್ಟೆಯ ವಾಸನೆ, ಮಣ್ಣು ಬೂದು ಅಥವಾ ನೀಲಿ ಬಣ್ಣ

ಇದು ಜೇಡಿ ಅಂಗಳದಲ್ಲಿ ತೀರಾ ಸಾಮಾನ್ಯ. ಹೈಡ್ರೋಜನ್ ಸಲ್ಫೈಡ್ ಅನಿಲದ ವಾಸನೆ. ಮಣ್ಣಿನಲ್ಲಿ ಗಾಳಿ ಮುಗಿದು, ನೈಟ್ರೇಟ್ ಮುಗಿದು, ಕಬ್ಬಿಣವೂ ಕರಗುವ ರೂಪಕ್ಕೆ ಬಂದ ಮೇಲೆ ಬ್ಯಾಕ್ಟೀರಿಯಾಗಳು ಗಾಳಿಯ ಬದಲಿಗೆ ಗಂಧಕದ ಲವಣವಾದ ಸಲ್ಫೇಟ್‌ಗೆ ಕೈ ಹಾಕುತ್ತವೆ, ಆಗ ಈ ಅನಿಲ ಬರುತ್ತದೆ. ಅಂದರೆ ಮೊಟ್ಟೆ ವಾಸನೆ ಬಂದಿದೆ ಅಂದರೆ ಆ ಜಾಗ ನಿನ್ನೆ ಮೊನ್ನೆ ಒದ್ದೆಯಾಗಿದ್ದಲ್ಲ. ಬಹಳ ದಿನದಿಂದ ಮುಳುಗಿದೆ.

ಮಣ್ಣಿನ ಬಣ್ಣ ಇದನ್ನು ಖಚಿತ ಮಾಡುತ್ತದೆ. ನಮ್ಮ ಹಿತ್ತಿಲಲ್ಲಿ ನಾನು ಮೊದಲ ಸಲ ಅಗೆದಾಗ ಮೇಲಿನ ನಾಲ್ಕು ಬೆರಳು ಮಣ್ಣು ಕಂದು, ಅದರ ಕೆಳಗೆ ಸೀಸದ ಕಡ್ಡಿಯ ಹಾಗೆ ಬೂದು, ಸ್ವಲ್ಪ ನೀಲಿ ಛಾಯೆ. ಕೈಯಲ್ಲಿ ಹಿಡಿದರೆ ತಣ್ಣಗೆ, ಬೆಣ್ಣೆಯ ಹಾಗೆ ಜಾರುತ್ತಿತ್ತು. ಸತ್ತ ಹುಲ್ಲಿನ ಬೇರುಗಳು ಕಪ್ಪಗೆ, ಎಳೆದರೆ ಸಿಪ್ಪೆ ಕಳಚಿ ದಾರದಂಥ ನಾರು ಮಾತ್ರ ಕೈಗೆ ಬರುತ್ತಿತ್ತು. ಆ ಹೆಂಟೆಯನ್ನು ಕಲ್ಲಿನ ಮೇಲೆ ಒಡೆದು ಹರಡಿಟ್ಟೆ. ಸಂಜೆ ಹೊತ್ತಿಗೆ ವಾಸನೆ ಮುಕ್ಕಾಲು ಹೋಗಿತ್ತು. ಎರಡು ಮೂರು ದಿನದಲ್ಲಿ ಅಂಚಿನಿಂದ ತುಕ್ಕಿನ ಬಣ್ಣ ಏರತೊಡಗಿತು. ಏನೂ ಹಾಕಿರಲಿಲ್ಲ. ಗಾಳಿ ತಾಗಿತ್ತು, ಅಷ್ಟೇ. ನೀವೂ ಹೀಗೆ ಮಾಡಿ ನೋಡಿ. ಹರಡಿಟ್ಟ ಮಣ್ಣಿನ ವಾಸನೆ ಎರಡು ದಿನದಲ್ಲಿ ಹೋದರೆ ಸಮಸ್ಯೆ ನಿಂತ ನೀರಿನದು. ಒಣಗಿದರೂ ನಾರುತ್ತಲೇ ಇದ್ದರೆ ಮುಂದಿನ ಭಾಗಗಳಲ್ಲಿ ಹುಡುಕಿ.

ಬೂದು ಮಣ್ಣಿನ ನಡುವೆ ತುಕ್ಕಿನ ಚುಕ್ಕೆಗಳಿದ್ದರೆ ಆ ಮಟ್ಟದಲ್ಲಿ ನೀರು ಏರಿ ಇಳಿಯುತ್ತಿದೆ ಅಂತ ಅರ್ಥ. ಪೂರ್ತಿ ಬೂದು ಇದ್ದರೆ ನೀರು ಇಳಿಯುವುದೇ ಇಲ್ಲ. ಚುಕ್ಕೆಗಳು ಎಷ್ಟು ಆಳದಲ್ಲಿ ಶುರುವಾಗುತ್ತವೆ ಅಂತ ಅಳೆದಿಟ್ಟುಕೊಳ್ಳಿ. ಮುಂದೆ ಕಾಲುವೆ ತೋಡುವಾಗ ಈ ಅಳತೆ ಬೇಕಾಗುತ್ತದೆ.

ಒಂದು ಎಚ್ಚರಿಕೆ. ತೆರೆದ ಅಂಗಳದಲ್ಲಿ ಈ ಅನಿಲ ಗಾಳಿಯಲ್ಲಿ ಚದುರಿಹೋಗುತ್ತದೆ, ಭಯ ಬೇಡ. ಮುಚ್ಚಿದ ಗುಂಡಿ, ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್ ಒಳಗೆ ಇದೇ ಅನಿಲ ಜೀವ ತೆಗೆಯುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗು ಕೆಲಸ ನಿಲ್ಲಿಸುತ್ತದೆ, ಅದಕ್ಕೇ ವಾಸನೆ ಬರುತ್ತಿಲ್ಲ ಅನ್ನುವ ಧೈರ್ಯದ ಮೇಲೆ ಯಾರೂ ಒಳಗೆ ಇಳಿಯಬಾರದು. ಬಿದ್ದವರನ್ನು ಎತ್ತಲು ಹಿಂದೆಯೇ ಇಳಿದವರೂ ಸತ್ತ ಘಟನೆಗಳು ಮತ್ತೆ ಮತ್ತೆ ಆಗಿವೆ.

ಹುಳಿ ವಾಸನೆ, ಗಿಡದ ಎಲೆ ಇದ್ದಕ್ಕಿದ್ದಂತೆ ಸುಟ್ಟಂತೆ ಆಗಿದೆ

ವಿನೆಗರ್ ತರಹ ಅಥವಾ ಹೆಂಡದ ತರಹ ಹುಳಿ ವಾಸನೆ ಬಂದರೆ ಮೊದಲು ಗಿಡದ ಬುಡದ ಹೊದಿಕೆ ನೋಡಿ. ಮರದ ಚಕ್ಕೆ, ಕತ್ತರಿಸಿದ ಹುಲ್ಲು, ತರಗೆಲೆ, ಇವನ್ನು ಒದ್ದೆಯಾಗಿ ದಪ್ಪ ರಾಶಿ ಹಾಕಿದರೆ ಒಳಗೆ ಗಾಳಿ ಸಿಗದೆ ಸಾವಯವ ಆಮ್ಲಗಳು ಹುಟ್ಟುತ್ತವೆ. ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 3ಕ್ಕಿಂತ ಕೆಳಗೂ ಇಳಿಯಬಹುದು. ಅಂಥ ರಾಶಿಯನ್ನು ಗಿಡದ ಸುತ್ತ ಹರಡಿದರೆ ಒಂದೇ ದಿನದಲ್ಲಿ ಎಲೆಗಳ ಅಂಚು ಸುಟ್ಟುಹೋಗಬಹುದು.

ಪರಿಹಾರಕ್ಕೆ ಖರ್ಚಿಲ್ಲ. ಹೊದಿಕೆಯನ್ನು ಬುಡದಿಂದ ಎಳೆದು ಗಟ್ಟಿ ನೆಲದ ಮೇಲೆ ತೆಳ್ಳಗೆ ಹರಡಿ, ಎರಡು ಮೂರು ದಿನ ಮಗುಚಿ ಹಾಕಿ. ಹುಳಿ ಹೋದ ಮೇಲೆ ವಾಪಸ್ ಹಾಕಬಹುದು. ಜೇಡಿಯ ಮೇಲೆ 5 ಸೆಂಟಿಮೀಟರ್ ದಪ್ಪ ಸಾಕು, ಕಾಂಡಕ್ಕೆ ಒಂದು ಗೇಣು ದೂರ ಇರಲಿ. ಹಸಿ ಹುಲ್ಲನ್ನು ದಪ್ಪಗೆ ಹಾಕಲೇಬೇಡಿ, ಅದು ಚಾಪೆಯ ಹಾಗೆ ಅಂಟಿಕೊಂಡು ಕೆಳಗೆ ಲೋಳೆಯಾಗುತ್ತದೆ.

ಹೊದಿಕೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಇದೆಯಾ ಅಂತಲೂ ಎತ್ತಿ ನೋಡಿ. ಕಳೆ ಬರಬಾರದು ಅಂತ ಹಿಂದೆ ಯಾರೋ ಹಾಸಿ ಮೇಲೆ ಜಲ್ಲಿ ಸುರಿದಿರುತ್ತಾರೆ. ಅದರಡಿ ಜೇಡಿ ವರ್ಷಗಟ್ಟಲೆ ಉಸಿರು ಕಟ್ಟಿಕೊಂಡು ಕೂತಿರುತ್ತದೆ. ಹಾಳೆ ತೆಗೆದುಬಿಡಿ. ತೆಗೆದ ದಿನ ನಾತ ಜಾಸ್ತಿಯೇ ಬರುತ್ತದೆ, ಗಾಬರಿ ಬೇಡ.

ಕಣ್ಣು ಉರಿಸುವ ಘಾಟು

ಇದು ಅಮೋನಿಯಾ. ಹಸಿ ಸಗಣಿ, ಕೋಳಿ ಗೊಬ್ಬರ, ಯೂರಿಯಾ ಅಥವಾ ನಾಯಿ ದಿನಾ ಒಂದೇ ಕಡೆ ಉಚ್ಚೆ ಹೊಯ್ಯುವ ಜಾಗ. ಮರಳು ನೆಲದಲ್ಲಿ ಮೂತ್ರ ಕೆಳಗೆ ಇಳಿದುಹೋಗುತ್ತದೆ, ಜೇಡಿಯಲ್ಲಿ ಮೇಲೆಯೇ ಉಳಿಯುತ್ತದೆ. ಹಸಿ ಗೊಬ್ಬರವನ್ನು ಕೆರೆದು ತೆಗೆದು ಒಣ ಎಲೆ ಅಥವಾ ಮರದ ಹೊಟ್ಟಿನ ಜೊತೆ ಪದರ ಪದರವಾಗಿ ಹಾಕಿ ಕಾಂಪೋಸ್ಟ್ ಆಗಲು ಬಿಡಿ. ನಾಯಿಗೆ ಎತ್ತರದ, ಜಲ್ಲಿ ಹಾಕಿದ ಬೇರೆ ಮೂಲೆ ರೂಢಿ ಮಾಡಿಸಿ.

ಸುಣ್ಣ ಹಾಕಬೇಡಿ. ಸುಣ್ಣ ಬಿದ್ದಾಗ ಅಮೋನಿಯಾ ಇನ್ನೂ ಜೋರಾಗಿ ಬಿಡುಗಡೆ ಆಗುತ್ತದೆ. ಬ್ಲೀಚ್ ಅಂತೂ ಖಂಡಿತ ಬೇಡ, ಮೂತ್ರದ ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಅನ್ನುವ ವಿಷಾನಿಲ ಹುಟ್ಟುತ್ತದೆ. ಬ್ಲೀಚಿನ ಜೊತೆ ಆಮ್ಲ ಬೆರೆತರೆ ಕ್ಲೋರಿನ್ ಬರುತ್ತದೆ. ಮುಚ್ಚಿದ ಓಣಿಯಂಥ ಜಾಗದಲ್ಲಿ ಇದು ಆಸ್ಪತ್ರೆಗೆ ಸೇರಿಸುವಷ್ಟು ಅಪಾಯ.

ಮಳೆಯೇ ಇಲ್ಲ, ಆದರೂ ಒಂದು ಕಡೆ ಒದ್ದೆ, ಕಕ್ಕಸಿನ ವಾಸನೆ

ಇಲ್ಲಿ ಮಣ್ಣಿನ ತಪ್ಪಿಲ್ಲ. ಸುತ್ತ ಹುಲ್ಲು ಒಣಗಿದ್ದರೂ ಒಂದು ಪಟ್ಟೆ ಮಾತ್ರ ದಟ್ಟ ಹಸಿರಾಗಿ ಬೆಳೆದಿದ್ದರೆ, ಆ ಪಟ್ಟೆ ಪೈಪ್ ಹೋದ ದಾರಿಯಲ್ಲೇ ಇದ್ದರೆ, ಮುಕ್ಕಾಲು ಪಾಲು ಒಳಚರಂಡಿ ಪೈಪ್ ಸೋರುತ್ತಿದೆ ಅಥವಾ ಸೆಪ್ಟಿಕ್ ಟ್ಯಾಂಕಿನ ನೀರು ಇಂಗದೆ ಮೇಲೆ ಬರುತ್ತಿದೆ.

ಮೊದಲು ಶುದ್ಧ ನೀರಿನ ಸೋರಿಕೆ ಅಲ್ಲ ಅಂತ ಖಚಿತ ಮಾಡಿಕೊಳ್ಳಿ. ಮನೆಯ ಎಲ್ಲ ನಲ್ಲಿ ಮುಚ್ಚಿ, ನೀರಿನ ಮೀಟರ್ ಅಂಕಿ ಬರೆದಿಟ್ಟುಕೊಂಡು, ಎರಡು ಗಂಟೆ ಯಾರೂ ನೀರು ಬಳಸದೆ ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಪೈಪ್ ಸೋರುತ್ತಿದೆ. ನಿಂತಲ್ಲೇ ಇದ್ದರೆ ಕೊಳಚೆಯ ಕಡೆ ತಿರುಗಿ.

ಆಮೇಲೆ ಬಣ್ಣದ ಪರೀಕ್ಷೆ. ಪ್ಲಂಬರ್‌ಗಳು ಬಳಸುವ ಹಸಿರು ಬಣ್ಣವನ್ನು ಕಕ್ಕಸಿಗೆ ಹಾಕಿ ಚೆನ್ನಾಗಿ ನೀರು ಬಿಟ್ಟು ಒಂದೆರಡು ದಿನ ಒದ್ದೆ ಜಾಗವನ್ನು ಗಮನಿಸಿ. ಬಣ್ಣ ಕಂಡರೆ ಅನುಮಾನವೇ ಬೇಡ. ಕಾಣದಿದ್ದರೆ ಸೋರುತ್ತಿಲ್ಲ ಅಂತ ತೀರ್ಮಾನಿಸಬೇಡಿ, ಜೇಡಿ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ನೀರು ಗುಳುಗುಳು ಅನ್ನುವುದು, ಬಚ್ಚಲಲ್ಲಿ ನೀರು ನಿಧಾನ ಇಳಿಯುವುದು, ಬಟ್ಟೆ ಒಗೆದ ದಿನ ನಾತ ಏರುವುದು, ಇವೂ ಅದೇ ಕಥೆ ಹೇಳುತ್ತವೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಿ ಎಷ್ಟು ವರ್ಷ ಆಯಿತು ಅಂತ ನೆನಪಿಸಿಕೊಳ್ಳಿ, ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ಬೇಕಾಗುತ್ತದೆ.

ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಆ ಕಡೆ ಬಿಡಬೇಡಿ, ಅಲ್ಲಿ ಬೆಳೆದ ಸೊಪ್ಪು ತರಕಾರಿ ತಿನ್ನಬೇಡಿ, ಯಂತ್ರದಿಂದ ಟ್ಯಾಂಕ್ ಖಾಲಿ ಮಾಡುವವರನ್ನು, ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡುವವರನ್ನು ಕರೆಯಿರಿ. ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಬೇಡಿ, ಹತ್ತಿರ ಬೆಂಕಿ ತರಬೇಡಿ. ಯಾರನ್ನೂ ಒಳಗೆ ಇಳಿಸಬೇಡಿ, ಎಷ್ಟೇ ಅನುಭವ ಇದೆ ಅಂತ ಅವರು ಹೇಳಿದರೂ. ಹತ್ತಿರದಲ್ಲಿ ಬಾವಿ ಅಥವಾ ಬೋರ್‌ವೆಲ್ ಇದ್ದರೆ ಕೋಲಿಫಾರ್ಮ್ (ಕೊಳಚೆ ಸೇರಿರಬಹುದು ಅಂತ ತೋರಿಸುವ ಬ್ಯಾಕ್ಟೀರಿಯಾ) ಮತ್ತು ನೈಟ್ರೇಟ್ ಪರೀಕ್ಷೆ ಆಗುವ ತನಕ ಆ ನೀರು ಕುಡಿಯಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ.

ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಪೊರೆ

ಎಣ್ಣೆ ಚೆಲ್ಲಿದೆ ಅಂತ ಬಹಳ ಜನ ಹೆದರುತ್ತಾರೆ. ಒಂದು ಕಡ್ಡಿಯಿಂದ ಪೊರೆಯನ್ನು ಚುಚ್ಚಿ. ಗಾಜಿನ ಹಾಗೆ ಚೂರು ಚೂರಾಗಿ ಒಡೆದು ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ, ಪಕ್ಕದಲ್ಲಿ ಕಿತ್ತಳೆ ಲೋಳೆಯೂ ಇರುತ್ತದೆ. ತೊಂದರೆ ಇಲ್ಲ, ಆದರೆ ಕೆಳಗೆ ಗಾಳಿ ಇಲ್ಲದ ನೀರು ಹರಿದು ಬರುತ್ತಿದೆ ಅಂತ ಅದು ಹೇಳುತ್ತಿದೆ. ಕಡ್ಡಿ ತೆಗೆದ ಕೂಡಲೇ ಪೊರೆ ಮತ್ತೆ ಕೂಡಿಕೊಂಡರೆ ಎಣ್ಣೆಯೇ. ಆಗ ಮೇಲೆ ಪೆಟ್ರೋಲ್ ಬಗ್ಗೆ ಹೇಳಿದ್ದನ್ನು ಮಾಡಿ.

ಹೆಣದ ನಾತ, ನೊಣ ಮುತ್ತಿವೆ

ಇಲಿ, ಹೆಗ್ಗಣ ಸತ್ತಿರಬಹುದು, ಪೊದೆ ಮತ್ತು ಪೈಪ್ ಬಾಯಿ ನೋಡಿ. ಏನೂ ಸಿಗದಿದ್ದರೆ ಹೊದಿಕೆಯ ನಡುವೆ ಲೋಳೆ ಅಂಟಿದ ತಲೆಯ ಉದ್ದನೆ ಅಣಬೆ ಇದೆಯಾ ಹುಡುಕಿ. ನೊಣ ಕರೆಯಲೆಂದೇ ಮಾಂಸ ಕೊಳೆತ ವಾಸನೆ ಬಿಡುವ ಅಣಬೆಗಳಿವೆ. ಕಿತ್ತು ಚೀಲಕ್ಕೆ ಹಾಕಿದರೆ ಮುಗಿಯಿತು.

ಮಳೆ ನಿಂತು ಎರಡು ದಿನ ಆದರೂ ನೀರು ಹೋಗುತ್ತಿಲ್ಲ

ಮೊಟ್ಟೆ ವಾಸನೆ ಬಂದವರೆಲ್ಲ ಕೊನೆಗೆ ಇಲ್ಲಿಗೇ ಬರಬೇಕು.

ಮೊದಲು ಮೇಲೆ ನೋಡಿ, ಸೂರಿನ ಕಡೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಅಷ್ಟೂ ಒಂದೋ ಎರಡೋ ಪೈಪಿನಲ್ಲಿ ಇಳಿದು ಅಂಗಳದ ಒಂದೇ ಮೂಲೆಗೆ ಬೀಳುತ್ತದೆ. ಜೇಡಿ ಗಂಟೆಗೆ ಹೀರಿಕೊಳ್ಳುವುದು 1ರಿಂದ 5 ಮಿಲಿಮೀಟರ್ ಮಾತ್ರ, ಮರಳು ಮಣ್ಣಾದರೆ 30ಕ್ಕೂ ಜಾಸ್ತಿ. ಲೆಕ್ಕ ಹಾಕಿದರೆ ಮಣ್ಣನ್ನು ಬೈಯುವುದಕ್ಕೆ ಮನಸ್ಸಾಗುವುದಿಲ್ಲ. ನಾನು ಒಂದು ಇಡೀ ಮಳೆಗಾಲ ಮಣ್ಣಿಗೆ ಗೊಬ್ಬರ ಹಾಕಿದ್ದೇ ಹಾಕಿದ್ದು. ಬೇರೆ ಕೆಲಸಕ್ಕೆ ಬಂದ ಮೇಸ್ತ್ರಿಯೊಬ್ಬರು ಸೂರಿನ ಪೈಪ್ ಬಾಯಿಯನ್ನೂ ಒದ್ದೆ ಮೂಲೆಯನ್ನೂ ಒಮ್ಮೆ ನೋಡಿ, "ನೀರಿಗೆ ವಾಟವೇ ಇಲ್ಲ ಸಾರ್, ಗೊಬ್ಬರ ಹಾಕಿ ಏನ್ ಮಾಡ್ತೀರಿ?" ಅಂದರು. ವಾಟ ಅಂದರೆ ನೀರು ಹರಿದು ಹೋಗುವ ಇಳಿಜಾರು. ಪೈಪಿಗೆ ಮೂರು ಮೀಟರ್ ತುಂಡು ಜೋಡಿಸಿ ನೀರನ್ನು ಇಳಿಜಾರಿನ ಕಡೆ ಬಿಟ್ಟ ಮೇಲೆ ಅರ್ಧ ನಾತ ಆ ವರ್ಷವೇ ಹೋಯಿತು.

ಹಾಗಾಗಿ ಮಳೆ ಬೀಳುವಾಗ ಕೊಡೆ ಹಿಡಿದು ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿ. ನೀರು ಎಲ್ಲಿಂದ ಹರಿದು ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಾರೆ ನೋಡಿ. ಏಸಿಯಿಂದ ತೊಟ್ಟಿಕ್ಕುವ ನೀರು, ಪಾತ್ರೆ ತೊಳೆದ ನೀರು, ತುಂಬಿ ಚೆಲ್ಲುವ ಟ್ಯಾಂಕ್, ಜಾಸ್ತಿ ಹೊತ್ತು ಬಿಟ್ಟ ಗಿಡದ ಪೈಪ್, ಇವನ್ನೂ ಲೆಕ್ಕಕ್ಕೆ ಸೇರಿಸಿ. ಬರುವ ನೀರನ್ನು ತಿರುಗಿಸುವುದು ಯಾವಾಗಲೂ ಅಗ್ಗದ ದಾರಿ.

ಮುಂದೆ ಗುಂಡಿ ಪರೀಕ್ಷೆ. 30 ಸೆಂಟಿಮೀಟರ್ ಆಳ, ಅಷ್ಟೇ ಅಗಲದ ಗುಂಡಿ ತೆಗೆದು, ಗುದ್ದಲಿ ಉಜ್ಜಿ ನುಣುಪಾದ ಗೋಡೆಗಳನ್ನು ಮೊಳೆಯಿಂದ ಗೀರಿ. ನೀರು ತುಂಬಿ ಪೂರ್ತಿ ಇಳಿಯಲು ಬಿಡಿ. ಮತ್ತೆ ತುಂಬಿ, ಕಡ್ಡಿ ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯಿತು ಅಂತ ಗುರುತು ಹಾಕಿ. 2.5 ಸೆಂಟಿಮೀಟರ್ ಅಥವಾ ಜಾಸ್ತಿ ಇಳಿದರೆ ಮಣ್ಣು ಪರವಾಗಿಲ್ಲ, ನೆಲದ ಮೇಲ್ಮೈ ಸರಿ ಮಾಡಿದರೆ ಸಾಕು. 1ರಿಂದ 2.5 ಇದ್ದರೆ ಮಣ್ಣು ಸುಧಾರಿಸುವ ಕೆಲಸ ಇದೆ. 1ಕ್ಕಿಂತ ಕಡಿಮೆ ಇದ್ದರೆ ಇಂಗುಗುಂಡಿ ತೋಡುವ ಯೋಚನೆ ಬಿಡಿ, ಅದು ನೆಲದೊಳಗೆ ಹೂತ ಬಕೆಟ್ ಆಗುತ್ತದೆ, ನೀರು ಅಲ್ಲೇ ಕೊಳೆತು ಹೊಸ ನಾತ ಶುರುವಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಗುಂಡಿ ಮುಚ್ಚಲು ಮರೆಯಬೇಡಿ. ಕಾಲು ಮುರಿಯುತ್ತದೆ, ಅದರ ಜೊತೆಗೆ ಬೆಚ್ಚಗಿನ ದಿನಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೆಳೆಯಲು 7ರಿಂದ 10 ದಿನ ಸಾಕು.

ಈಗ ವಾಟ. ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎರಡು ಗೂಟ, ಒಂದು ದಾರ, ಒಂದು ರಸಮಟ್ಟ. ಮನೆಯ ಗೋಡೆಯಿಂದ 3 ಮೀಟರ್ ದೂರಕ್ಕೆ 15 ಸೆಂಟಿಮೀಟರ್ ಇಳಿಯಬೇಕು. ಅದರಾಚೆ ಮೀಟರಿಗೆ 1–2 ಸೆಂಟಿಮೀಟರ್ ಇಳಿದರೆ ಸಾಕು. ತಗ್ಗು ತುಂಬಲು ಮೇಲಿನ ಮಣ್ಣಿನ ಹಾಗೇ ಇರುವ ಮಣ್ಣು ಹಾಕಿ. ಆಳವಿಲ್ಲದ, ಅಗಲವಾದ, ಹುಲ್ಲು ಬೆಳೆದ ಕಾಲುವೆ ಜೇಡಿ ಅಂಗಳಕ್ಕೆ ಬಹಳ ಒಗ್ಗುತ್ತದೆ. ನೀರು ಮಣ್ಣೊಳಗೆ ಇಳಿಯದಿದ್ದರೂ ಮೇಲೆ ಹರಿದು ಹೋಗಲಿ, ಅಲ್ವಾ? ಹೋಗುವ ನೀರು ಪಕ್ಕದವರ ಗೋಡೆಗೆ ಬಡಿಯದಂತೆ ನೋಡಿಕೊಳ್ಳಿ.

ಮಣ್ಣು ಸುಧಾರಿಸುವುದು ಆಮೇಲೆ. ಒಂದು ಹಿಡಿ ಮಣ್ಣು ಉಂಡೆ ಮಾಡಿ ಬೆರಳಿನಿಂದ ಒತ್ತಿ. ಉದುರಿದರೆ ಕೆಲಸ ಮಾಡಬಹುದು, ಅಂಟಿ ಹೊಳೆದರೆ ಇನ್ನೂ ಕಾಯಿರಿ. ಒದ್ದೆ ಜೇಡಿಯನ್ನು ತುಳಿದು ಅಗೆದರೆ ಇದ್ದ ಚೂರು ಸಂದೂ ಮುಚ್ಚಿಹೋಗುತ್ತವೆ, ಒಣಗಿದ ಮೇಲೆ ಇಟ್ಟಿಗೆ. ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಹಳೆಯ ಕೊಟ್ಟಿಗೆ ಗೊಬ್ಬರವನ್ನು 5–7 ಸೆಂಟಿಮೀಟರ್ ಹರಡಿ ಮೇಲಿನ 15 ಸೆಂಟಿಮೀಟರ್ ಮಣ್ಣಿಗೆ ಬೆರೆಸಿ. ಆಳಕ್ಕೆ ಹೂಳಬೇಡಿ, ಗಾಳಿ ಇಲ್ಲದ ಕಡೆ ಗೊಬ್ಬರವೂ ನಾತಕ್ಕೆ ಮೇವಾಗುತ್ತದೆ. ಹುಲ್ಲುಹಾಸು ಇದ್ದರೆ ಮಣ್ಣಿನ ತಿರುಳನ್ನು ಹೊರಗೆ ತೆಗೆಯುವ ಟೊಳ್ಳು ಹಲ್ಲಿನ ಸಾಧನ ಬಳಸಿ. ಬರೀ ಮೊಳೆ ಚುಚ್ಚಿದರೆ ಸುತ್ತಲಿನ ಜೇಡಿ ಇನ್ನೂ ಬಿಗಿಯಾಗುತ್ತದೆ.

ಮರಳು ಬೆರೆಸಿ ಅಂತ ಬಹಳ ಜನ ಹೇಳುತ್ತಾರೆ. ಸ್ವಲ್ಪ ಮರಳು ಬೆರೆಸಿದರೆ ಜೇಡಿ ಅದರ ಸಂದು ತುಂಬಿಕೊಂಡು ಇನ್ನೂ ಗಟ್ಟಿಯಾಗುತ್ತದೆ, ಉಪಯೋಗ ಆಗಬೇಕಾದರೆ ಮಣ್ಣಿನ ಅರ್ಧಕ್ಕಿಂತ ಜಾಸ್ತಿ ಮರಳೇ ಬೇಕು. ಯಾರೂ ಅಷ್ಟು ಹಾಕುವುದಿಲ್ಲ.

ಜಿಪ್ಸಂ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ಸೋಡಿಯಂ ಜಾಸ್ತಿ ಇರುವ ಜೇಡಿಗೆ ಮಾತ್ರ ಮದ್ದು. ಒಣಗಿದ ಸಣ್ಣ ಹೆಂಟೆಯನ್ನು ಮಳೆನೀರು ತುಂಬಿದ ಲೋಟಕ್ಕೆ ಮೆಲ್ಲಗೆ ಬಿಡಿ, ಅಲುಗಾಡಿಸಬೇಡಿ. ಒಂದೆರಡು ಗಂಟೆಯಲ್ಲಿ ಸುತ್ತ ಹಾಲಿನಂತೆ ಮೋಡ ಕಟ್ಟಿದರೆ ಸೋಡಿಯಂ ಇರುವ ಅನುಮಾನ ಇದೆ, ಮಣ್ಣು ಪರೀಕ್ಷೆ ಮಾಡಿಸಿ ಅವರು ಹೇಳಿದಷ್ಟು ಹಾಕಿ. ಹೆಂಟೆ ಬರೀ ಕುಸಿದು ನೀರು ತಿಳಿಯಾಗೇ ಉಳಿದರೆ ಜಿಪ್ಸಂನಿಂದ ಏನೂ ಆಗದು. ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ನೀರು ನಿಂತ ಮಣ್ಣಿಗೆ ಅದನ್ನು ಸುರಿದರೆ ಮೊಟ್ಟೆ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದ ಸಲ್ಫೇಟನ್ನೇ ನಾವು ಕೊಟ್ಟಂತೆ. ಮನೆ ಕಟ್ಟುವಾಗ ಜಿಪ್ಸಂ ಹಲಗೆಯ ಚೂರುಗಳನ್ನು ಅಂಗಳದಲ್ಲೇ ಹೂತಿದ್ದರೂ ಇದೇ ಆಗುತ್ತದೆ, ಅಗೆದಾಗ ಬಿಳಿ ಚೂರು ಕಂಡರೆ ತೆಗೆದು ಹಾಕಿ.

ಕೊನೆಯದು ಜಲ್ಲಿ ಕಾಲುವೆ. 45–60 ಸೆಂಟಿಮೀಟರ್ ಆಳ, ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ವಾಟ, ಸುತ್ತ ಸೋಸುವ ಬಟ್ಟೆ, ತೂತುಗಳು ಕೆಳಮುಖವಾಗಿರುವ ಪೈಪ್, ಮೇಲಿನ ತನಕ ಜಲ್ಲಿ. ಜೇಡಿಯಲ್ಲಿ ನೀರು ಪಕ್ಕಕ್ಕೆ ಸಾಗುವುದು ತುಂಬಾ ನಿಧಾನ, ಅದಕ್ಕೇ ಜಲ್ಲಿ ನೆಲದ ಮಟ್ಟದ ತನಕ ಬರಬೇಕು, ಮೇಲೆ ಮಣ್ಣು ಮುಚ್ಚಿದರೆ ನೀರು ಒಳಗೇ ಹೋಗುವುದಿಲ್ಲ. ಅದಕ್ಕಿಂತ ಮುಖ್ಯ, ಪೈಪಿನ ಬಾಯಿ ತಗ್ಗಿನಲ್ಲಿ ಹೊರಗೆ ತೆರೆದಿರಬೇಕು. ಬಾಯಿ ಇಲ್ಲದ ಕಾಲುವೆ ಕೊಳೆತ ನೀರಿನ ಉದ್ದ ತೊಟ್ಟಿ. ಒಂದು ಮೀಟರಿಗಿಂತ ಆಳ ತೋಡಬೇಕಾದರೆ ಆ ಕೆಲಸ ಗೊತ್ತಿರುವವರಿಗೆ ಬಿಡಿ. ಒದ್ದೆ ಜೇಡಿಯ ಗೋಡೆ ಸೂಚನೆ ಕೊಡದೆ ಕುಸಿಯುತ್ತದೆ.

ಎಲ್ಲ ಮಾಡಿದರೂ ಹೋಗಿಲ್ಲ

ಮಳೆಗಾಲ ಮುಗಿದು ತಿಂಗಳುಗಳಾದರೂ ಒಂದು ಗೇಣಿನಲ್ಲೇ ನೀರು ಸಿಗುತ್ತಿದ್ದರೆ ಅಂತರ್ಜಲವೇ ಮೇಲಿದೆ. ಅಲ್ಲಿ ಅಗೆದು ಪ್ರಯೋಜನವಿಲ್ಲ. ಒಂದಡಿ ಎತ್ತರದ ಮಡಿ ಕಟ್ಟಿ ಅದರಲ್ಲಿ ಗಿಡ ಬೆಳೆಸಿ, ಓಡಾಡಲು ಜಲ್ಲಿ ದಾರಿ ಮಾಡಿ. ಗೋಡೆ ಬಿರುಕು ಬಿಟ್ಟಿದ್ದರೆ, ಮನೆಯೊಳಗೆ ಶೀತ ಏರುತ್ತಿದ್ದರೆ, ಅಂಗಳ ಒಂದು ಕಡೆ ಕುಸಿಯುತ್ತಿದ್ದರೆ ಸಿವಿಲ್ ಎಂಜಿನಿಯರ್‌ಗೆ ತೋರಿಸಿ. ಅಂಗಳದಲ್ಲಿ ಓಡಾಡಿದ ಮೇಲೆ ಯಾರಿಗಾದರೂ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡ ಮಾಡದೆ ವೈದ್ಯರ ಹತ್ತಿರ ಹೋಗಿ, ನಿಂತ ನೀರಿನಲ್ಲಿ ಇಳಿದಿದ್ದನ್ನೂ ಹೇಳಿ.

ನಾತ ಹೋಯಿತು ಅನ್ನಿಸಿದ ಮೇಲೂ ದೊಡ್ಡ ಮಳೆಯಾದ ಎರಡು ದಿನಕ್ಕೆ ಹಳೆಯ ಕಡ್ಡಿ ನೆಟ್ಟ ಜಾಗದಲ್ಲೇ ಒಂದು ಗುದ್ದಲಿ ಮಣ್ಣು ಎತ್ತಿ ನೋಡಿ. ಬೂದು ಮಣ್ಣಿನಲ್ಲಿ ಹೊಸ ಬೇರು ಇಳಿದ ಕಡೆ ಬೇರಿನ ಸುತ್ತ ತೆಳ್ಳಗೆ ಕಂದು ಗೆರೆ ಕಾಣಿಸುತ್ತದೆ, ಬೇರು ಒಳಗೆ ಗಾಳಿ ತಂದ ಗುರುತು ಅದು. ಎರೆಹುಳು ಒಂದೆರಡು ಸಿಗುತ್ತವೆ. ಮೊದಲ ಮಳೆಗೆ ಬರುವ ಮಣ್ಣಿನ ವಾಸನೆ ಹೆಂಟೆ ಒಡೆದಾಗಲೂ ಬರತೊಡಗುತ್ತದೆ. ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಅನ್ನುವ ವಸ್ತುವಿನ ವಾಸನೆ ಅದು. ನಮ್ಮ ಹಿತ್ತಿಲ ಮೂಲೆಯಲ್ಲಿ ಅದು ಬರಲು ಎರಡು ಮಳೆಗಾಲ ಬೇಕಾಯಿತು.